ಕೋಟೆಗೂ ದಂಡಿಗೂ ನಡುವೆ

1418ರ ಡಿಸೆಂಬರ್. ಉತ್ತರ ಫ್ರಾನ್ಸಿನ ರೂಆನ್ ಪಟ್ಟಣದ ಕೋಟೆ ಗೋಡೆಯ ಹೊರಗೆ ಒಂದು ಕಂದಕ. ಅದರಲ್ಲಿ ಸಾವಿರಾರು ಜನ. ಮುದುಕರು, ಹೆಂಗಸರು, ಮಕ್ಕಳು, ಕಾಯಿಲೆಯವರು. ಹಿಂದೆ ಅವರದೇ ಊರಿನ ಗೋಡೆ, ಬಾಗಿಲು ಮುಚ್ಚಿದೆ. ಮುಂದೆ ಇಂಗ್ಲಿಷ್ ದಂಡು, ದಾಟಲು ಬಿಡುವುದಿಲ್ಲ. ಆ ಕಂದಕದಲ್ಲೇ ಕೆಲವು ಹೆಂಗಸರಿಗೆ ಹೆರಿಗೆಯಾಯಿತು. ಹುಟ್ಟಿದ ಮಗುವಿಗೆ ಕ್ರೈಸ್ತರ ಪದ್ಧತಿಯಂತೆ ಜ್ಞಾನಸ್ನಾನ (ಬ್ಯಾಪ್ಟಿಸಮ್) ಆಗಬೇಕಲ್ಲ? ಗೋಡೆಯ ಮೇಲಿದ್ದವರು ಬುಟ್ಟಿ ಇಳಿಬಿಟ್ಟರು. ಮಗುವನ್ನು ಮೇಲೆ ಎಳೆದುಕೊಂಡು ಜ್ಞಾನಸ್ನಾನ ಮಾಡಿಸಿದರು. ಆಮೇಲೆ ಬುಟ್ಟಿಯಲ್ಲಿಟ್ಟು ಮತ್ತೆ ಕಂದಕಕ್ಕೇ ಇಳಿಸಿದರು.

ಇದನ್ನು ಬರೆದಿಟ್ಟವನು ಆ ಕಾಲದ ಚರಿತ್ರೆಕಾರ ಮೋನ್‌ಸ್ಟ್ರೆಲೆ. ಓದಿದಾಗಿನಿಂದ ಈ ಬುಟ್ಟಿ ನನ್ನನ್ನು ಬಿಟ್ಟಿಲ್ಲ. ಆ ಮಗುವಿನ ಆತ್ಮದ ಚಿಂತೆ ಊರವರಿಗೆ ನಿಜವಾಗಿಯೂ ಇತ್ತು. ಅಷ್ಟಿದ್ದೂ ಮಗುವನ್ನು ಒಳಗೆ ಇಟ್ಟುಕೊಳ್ಳಲಿಲ್ಲ. ಅವರು ರಾಕ್ಷಸರಾಗಿದ್ದರೆ ಅರ್ಥವಾಗುತ್ತಿತ್ತು. ಆದರೆ ಅವರು ದೇವರಿಗೆ ಹೆದರುವ, ನೆರೆಹೊರೆ ಅಂತ ಬದುಕಿದ್ದ ಜನ. ಇಂಥ ಜನ ಇಂಥ ಕೆಲಸ ಮಾಡುವ ಹಂತಕ್ಕೆ ಹೇಗೆ ಬಂದರು ಅನ್ನುವುದೇ ನನ್ನ ಪ್ರಶ್ನೆ.

ಇಂಗ್ಲಿಷರು, ಫ್ರೆಂಚರು ಕಾದಾಡಿದರು ಅಂದರೆ ನಮಗೆ ಶಾಲೆಯಲ್ಲಿ ಓದಿದ ಕರ್ನಾಟಿಕ್ ಯುದ್ಧಗಳು ನೆನಪಾಗುತ್ತವೆ. ಅದಕ್ಕೂ ನಾಲ್ಕು ಶತಮಾನ ಮೊದಲು ಶುರುವಾದದ್ದು ನೂರು ವರ್ಷಗಳ ಯುದ್ಧ. 1337ರಿಂದ 1453ರವರೆಗೆ, ನಡುವೆ ಹಲವು ಕದನವಿರಾಮಗಳೊಂದಿಗೆ, 116 ವರ್ಷ ಎಳೆಯಿತು. 1328ರಲ್ಲಿ ಫ್ರಾನ್ಸಿನ ರಾಜ ನಾಲ್ಕನೇ ಚಾರ್ಲ್ಸ್ ಗಂಡು ಸಂತಾನವಿಲ್ಲದೆ ಸತ್ತ. ಅವನ ತಂಗಿಯ ಮಗ ಇಂಗ್ಲೆಂಡಿನ ಮೂರನೇ ಎಡ್ವರ್ಡ್. ಫ್ರೆಂಚ್ ಸರದಾರರು ಅವನನ್ನು ಬಿಟ್ಟು ಚಾರ್ಲ್ಸ್‌ನ ಚಿಕ್ಕಪ್ಪನ ಮಗ ಆರನೇ ಫಿಲಿಪ್‌ಗೆ ಕಿರೀಟ ಕೊಟ್ಟರು. ಜೊತೆಗೆ ಬೋರ್ಡೋ ಸುತ್ತಲಿನ ಸೀಮೆ ಇಂಗ್ಲಿಷ್ ರಾಜನ ಕೈಯಲ್ಲಿತ್ತು, ಅದಕ್ಕಾಗಿ ಅವನು ಫ್ರೆಂಚ್ ರಾಜನಿಗೆ ತಲೆಬಾಗಬೇಕಿತ್ತು. ಜಗಳಕ್ಕೆ ಇಷ್ಟು ಸಾಕಾಯಿತು.

ಈ ಯುದ್ಧದ ಕತೆ ಹೇಳುವವರೆಲ್ಲ ಮೂರು ಹೆಸರು ಹೇಳುತ್ತಾರೆ. 1346ರ ಕ್ರೆಸಿ, 1356ರ ಪ್ವಾತಿಯೆ, 1415ರ ಅಜಿನ್‌ಕೋರ್ಟ್. ಮೂರರಲ್ಲೂ ಇಂಗ್ಲಿಷರ ಉದ್ದಬಿಲ್ಲು, ಮೂರರಲ್ಲೂ ಫ್ರೆಂಚ್ ಸರದಾರರ ಸೋಲು. ಕೇಳೋಕೆ ರೋಮಾಂಚನ, ನಿಜ. ಆದರೆ ಒಂದೊಂದೂ ಒಂದೊಂದು ದಿನದ ಕೆಲಸ. ಉಳಿದ ದಿನಗಳಲ್ಲಿ ಯುದ್ಧ ನಡೆದದ್ದು ಸುಟ್ಟ ಹಳ್ಳಿಗಳಲ್ಲಿ, ಮುತ್ತಿಗೆ ಹಾಕಿದ ಪಟ್ಟಣಗಳಲ್ಲಿ. ಒಂದು ಸೀಮೆಯನ್ನು ಹಿಡಿದಿಟ್ಟುಕೊಳ್ಳಬೇಕಾದರೆ ಅಲ್ಲಿನ ಕೋಟೆಗಳು ಕೈಗೆ ಬರಬೇಕು. ಕೋಟೆಯನ್ನು ಹತ್ತಿ ಗೆಲ್ಲುವುದು ದುಬಾರಿ, ಹಸಿವಿನಿಂದ ಗೆಲ್ಲುವುದು ಅಗ್ಗ.

ನಮ್ಮ ಮನೆಗಳಲ್ಲಿ ಕಷ್ಟ ಬಂದಾಗ ಹಿರಿಯರು ಒಂದು ಲೆಕ್ಕ ಹೇಳುತ್ತಾರೆ: ದುಡಿಯೋ ಕೈ ಎಷ್ಟು, ತಿನ್ನೋ ಬಾಯಿ ಎಷ್ಟು. ಮುತ್ತಿಗೆಯಲ್ಲಿ ಸಿಕ್ಕಿಬಿದ್ದ ಕಿಲ್ಲೇದಾರನೂ ಇದೇ ಲೆಕ್ಕ ಹಾಕುತ್ತಿದ್ದ. ಕಣಜದಲ್ಲಿ ಇಷ್ಟು ಧಾನ್ಯ ಇದೆ. ಬಿಲ್ಲು ಹಿಡಿಯಬಲ್ಲವರು ಇಷ್ಟು ಜನ. ಉಳಿದವರು ಸುಮ್ನೆ ತಿನ್ನುವವರು. ಅವರನ್ನು ಹೊರಗೆ ಹಾಕಿದರೆ ಧಾನ್ಯ ಇನ್ನೂ ಮೂರು ತಿಂಗಳು ಬರುತ್ತದೆ, ಅಷ್ಟರಲ್ಲಿ ರಾಜನ ಸೈನ್ಯ ಸಹಾಯಕ್ಕೆ ಬರಬಹುದು. ಹೊರಗೆ ಮುತ್ತಿಗೆ ಹಾಕಿದವನದೂ ಲೆಕ್ಕವೇ. ಇವರನ್ನು ದಾಟಲು ಬಿಟ್ಟರೆ ಒಳಗಿನವರಿಗೆ ಮೂರು ತಿಂಗಳು ಉಳಿಸಿಕೊಟ್ಟ ಹಾಗೆ. ಬಿಡಬಾರದು, ವಾಪಸ್ ಅಟ್ಟಬೇಕು. ಎರಡೂ ಲೆಕ್ಕ ಸರಿಯಾಗೇ ಇವೆ. ಎರಡರ ನಡುವೆ ಜನ ಸತ್ತರು.

ಇದು ನೂರು ವರ್ಷಗಳ ಯುದ್ಧಕ್ಕಿಂತ ಹಳೆಯ ಪದ್ಧತಿ. ರೂಆನ್‌ನಿಂದ ಸೀನ್ ನದಿಯ ಗುಂಟ ಮೇಲಕ್ಕೆ ಹೋದರೆ, ಲೆ ಆಂದೆಲಿ ಎಂಬ ಊರಿನ ಪಕ್ಕ, ಸುಣ್ಣಕಲ್ಲಿನ ದಿಬ್ಬದ ಮೇಲೆ ಶಾಟೋ ಗೈಯಾರ್ ಕೋಟೆಯ ಅವಶೇಷ ನಿಂತಿದೆ. ಇಂಗ್ಲೆಂಡಿನ ರಾಜ ಸಿಂಹಹೃದಯ ರಿಚರ್ಡ್ 1196ರಿಂದ 1198ರ ನಡುವೆ ಕಟ್ಟಿಸಿದ್ದು. 1203ರಲ್ಲಿ ಫ್ರಾನ್ಸಿನ ಎರಡನೇ ಫಿಲಿಪ್ ಅದಕ್ಕೆ ಮುತ್ತಿಗೆ ಹಾಕಿದ. ಕೆಳಗಿನ ಊರಿನ ಜನ ಹೆದರಿ ಕೋಟೆಯೊಳಗೆ ಓಡಿಬಂದರು. ಕಿಲ್ಲೇದಾರ ರೋಜರ್ ದ ಲೇಸಿ ಧಾನ್ಯ ಎಣಿಸಿ, ಅವರನ್ನು ತಂಡ ತಂಡವಾಗಿ ಹೊರಗೆ ಕಳಿಸಿದ. ಮೊದಲ ಎರಡು ತಂಡಗಳನ್ನು ಫ್ರೆಂಚ್ ಸೈನಿಕರು ಕನಿಕರಪಟ್ಟು ದಾಟಲು ಬಿಟ್ಟರು. ವಿಷಯ ಫಿಲಿಪ್‌ನ ಕಿವಿಗೆ ಬಿತ್ತು. ಇನ್ನು ಒಬ್ಬರನ್ನೂ ಬಿಡಕೂಡದು ಎಂದು ಅಪ್ಪಣೆಯಾಯಿತು. ಮುಂದಿನ ತಂಡ ಹೊರಗೆ ಬಂದಾಗ ಎದುರಿನಿಂದ ಬಾಣ ಬಂತು. ಹಿಂತಿರುಗಿ ಓಡಿದರೆ ಬಾಗಿಲು ತೆರೆಯಲಿಲ್ಲ.

ಆ ಚಳಿಗಾಲವಿಡೀ ಅವರು ದಿಬ್ಬದ ಇಳಿಜಾರಿನಲ್ಲಿ, ಬಂಡೆಗಳ ಸಂದಿಯಲ್ಲಿ ಬದುಕಿದರು. ಹುಲ್ಲು ತಿಂದರು, ಕೋಟೆಯಿಂದ ಓಡಿಸಿದ ನಾಯಿಗಳನ್ನು ತಿಂದರು. ಒಮ್ಮೆ ಒಂದು ಕೋಳಿ ಗೋಡೆ ಹಾರಿ ಬಂತು, ಅದನ್ನು ಪುಕ್ಕದ ಸಮೇತ ತಿಂದರು. ಕೊನೆಗೆ ಫಿಲಿಪ್ ಅಲ್ಲಿಗೆ ಮರಳಿ ಬಂದಾಗ ಉಳಿದವರು ಅವನನ್ನು ಕಂಡು ಕೂಗಿಕೊಂಡರು. ಕಣ್ಣಾರೆ ಕಂಡ ಮೇಲೆ ಅವನ ಮನಸ್ಸು ಕರಗಿತು, ದಾಟಿಸಿ ಊಟ ಹಾಕಿಸಲು ಹೇಳಿದ. ಬಂದವರಲ್ಲಿ ಒಬ್ಬ ನಾಯಿಯ ತೊಡೆಯೊಂದನ್ನು ಹಿಡಿದುಕೊಂಡಿದ್ದ. ಬಿಸಾಡು ಅಂದರೆ ಕೇಳಲಿಲ್ಲ. ರೊಟ್ಟಿ ಕೈಗೆ ಬಂದ ಮೇಲೆಯೇ ಅದನ್ನು ಬಿಟ್ಟ. ಊಟ ಸಿಕ್ಕಿದ ಮೇಲೂ ಬಹಳ ಜನ ಸತ್ತರು, ಅಷ್ಟು ದಿನ ಖಾಲಿ ಇದ್ದ ಹೊಟ್ಟೆ ತಡೆಯಲಿಲ್ಲ. ಇದನ್ನೆಲ್ಲ ಬರೆದವನು ಫಿಲಿಪ್‌ನದೇ ಆಸ್ಥಾನದ ಪಾದ್ರಿ, ಬ್ರಿಟನಿಯ ವಿಲಿಯಂ. ತನ್ನ ರಾಜನ ಹೊಗಳಿಕೆಗೆಂದು ಬರೆದ ಕಾವ್ಯದಲ್ಲೇ ಇದು ಉಳಿದಿದೆ.

ಇಲ್ಲಿ ಹೊರಗೆ ಹಾಕಿದ್ದು ಇಂಗ್ಲಿಷ್ ರಾಜನ ಕಡೆಯವರು, ತಡೆದದ್ದು ಫ್ರೆಂಚರು. ರೂಆನ್‌ನಲ್ಲಿ ತಿರುಗಾಮುರುಗಾ. ಹಾಗಾಗಿ ಯಾವ ಕಡೆಯವರು ಜಾಸ್ತಿ ಕ್ರೂರಿಗಳು ಅನ್ನುವ ವಾದ ನನಗೆ ಬೇಕಿಲ್ಲ.

ಕ್ರೆಸಿಯಲ್ಲಿ ಗೆದ್ದ ಮೂರನೇ ಎಡ್ವರ್ಡ್ 1346ರ ಸೆಪ್ಟೆಂಬರ್‌ನಲ್ಲಿ ಕ್ಯಾಲೆ ಬಂದರಿನ ಮುಂದೆ ಬಂದು ಕೂತ. ಹನ್ನೊಂದು ತಿಂಗಳು ಕೂತ. ಗೋಡೆಯ ಹೊರಗೆ ಮರದ ಮನೆಗಳ ಒಂದು ಊರನ್ನೇ ಕಟ್ಟಿಸಿದ. ಅಲ್ಲಿ ಬೀದಿಗಳಿದ್ದವು, ಬುಧವಾರ, ಶನಿವಾರ ಸಂತೆ ಸೇರುತ್ತಿತ್ತು, ರೊಟ್ಟಿ, ಮಾಂಸ, ಬಟ್ಟೆ ಎಲ್ಲ ಸಿಗುತ್ತಿತ್ತು. ಹಸಿದವರು ಗೋಡೆಯ ಮೇಲೆ ನಿಂತರೆ ಸಂತೆ ಕಾಣುತ್ತಿದ್ದಿರಬೇಕು.

ಶುರುವಿನಲ್ಲಿ ಕ್ಯಾಲೆಯ ಕಿಲ್ಲೇದಾರ ಜಾನ್ ದ ವಿಯೆನ್ ಬಡವರನ್ನು ಹೊರಗೆ ಕಳಿಸಿದಾಗ ಎಡ್ವರ್ಡ್ ಅವರನ್ನು ತಡೆಯಲಿಲ್ಲ. 1700 ಮಂದಿಗೆ ಊಟ ಹಾಕಿ, ತಲೆಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ದಂಡಿನ ನಡುವಿನಿಂದಲೇ ದಾಟಿಸಿದ ಎಂದು ಚರಿತ್ರೆಕಾರ ಫ್ರುಆಸಾರ್ ಬರೆಯುತ್ತಾನೆ. ಆಮೇಲೆ ಮುತ್ತಿಗೆ ಬಿಗಿಯಾಯಿತು. ಎರಡನೇ ಸಲ 500 ಮಂದಿ ಹೊರಬಿದ್ದಾಗ ಅದೇ ಎಡ್ವರ್ಡ್ ಬಿಡಲಿಲ್ಲ. ಅವರು ಗೋಡೆಗೂ ದಂಡಿಗೂ ನಡುವೆ ಸತ್ತರು. ಇದನ್ನು ಹೇಳುವವನು ನೈಟನ್ ಎಂಬ ಇಂಗ್ಲಿಷ್ ಮಠದ ಸನ್ಯಾಸಿ. ಒಬ್ಬನೇ ರಾಜ, ಒಂದೇ ಮುತ್ತಿಗೆ. ಮೊದಲ ಸಲ ದಯೆಗೆ ಖರ್ಚು ಕಡಿಮೆ ಇತ್ತು, ಎರಡನೇ ಸಲ ಗೆಲುವು ಹತ್ತಿರವಿತ್ತು. ಎಡ್ವರ್ಡ್ ದಯಾಳುವೋ ಕಠಿಣನೋ ಅಂತ ಕೇಳುವುದರಲ್ಲಿ ಅರ್ಥವಿಲ್ಲ ಅನ್ನಿಸುತ್ತದೆ ನನಗೆ. ಆ ಬಡವರ ಜೀವ ಅವನ ಸ್ವಭಾವದ ಮೇಲೆ ನಿಂತಿರಲಿಲ್ಲ, ದಿನಾಂಕದ ಮೇಲೆ ನಿಂತಿತ್ತು.

ಒಳಗಿನ ಸ್ಥಿತಿ ನಮಗೆ ಗೊತ್ತಾಗುವುದು ಒಂದು ಪತ್ರದಿಂದ. 1347ರ ಜೂನ್‌ನಲ್ಲಿ ಜಾನ್ ದ ವಿಯೆನ್ ತನ್ನ ರಾಜ ಆರನೇ ಫಿಲಿಪ್‌ಗೆ ಬರೆದ. ನಾಯಿ, ಬೆಕ್ಕು, ಕುದುರೆ ಎಲ್ಲ ಮುಗಿದಿವೆ, ಇನ್ನು ಉಳಿದಿರುವುದು ಮನುಷ್ಯರ ಮಾಂಸ ಮಾತ್ರ ಎಂದು. ಪತ್ರ ಒಯ್ಯುತ್ತಿದ್ದ ಹಡಗನ್ನು ಇಂಗ್ಲಿಷರು ಅಡ್ಡಗಟ್ಟಿದರು. ಹಡಗಿನವನು ಪತ್ರವನ್ನು ಕೊಡಲಿಗೆ ಕಟ್ಟಿ ನೀರಿಗೆ ಎಸೆದ. ಇಳಿತದಲ್ಲಿ ಅದು ಸಿಕ್ಕಿತು. ಎಡ್ವರ್ಡ್ ಓದಿ, ತನ್ನ ಮುದ್ರೆ ಒತ್ತಿ, ಫಿಲಿಪ್‌ಗೇ ಕಳಿಸಿಕೊಟ್ಟ. ಫಿಲಿಪ್ ಜುಲೈ ಕೊನೆಗೆ ಸೈನ್ಯದೊಂದಿಗೆ ಬಂದ. ಹತ್ತಿರದ ಸಾಂಗಾತ್ ದಿಬ್ಬದ ಮೇಲೆ ಅವನ ಬಾವುಟಗಳನ್ನು ಕ್ಯಾಲೆಯ ಜನ ನೋಡಿದರು. ಜೌಗಿನ ಆಚೆ ಇಂಗ್ಲಿಷರು ಭದ್ರವಾಗಿ ನಿಂತಿದ್ದರು. ಕೆಲವೇ ದಿನಗಳಲ್ಲಿ ಅವನು ಬಂದ ದಾರಿಯಲ್ಲೇ ಹಿಂತಿರುಗಿದ. ಆಗಸ್ಟ್ 3ರಂದು ಊರು ಶರಣಾಯಿತು.

ಮುಂದಿನದು ಬಹಳ ಜನರಿಗೆ ಗೊತ್ತಿರುವ ಕತೆ. ಊರಿನ ಆರು ಪ್ರಮುಖರು ಬರಿಗಾಲಲ್ಲಿ, ಕುತ್ತಿಗೆಗೆ ಹಗ್ಗ ಹಾಕಿಕೊಂಡು, ಕೋಟೆಯ ಬೀಗದ ಕೈ ಹಿಡಿದು ರಾಜನ ಮುಂದೆ ಬಂದರು. ತಲೆ ತೆಗೆಯಿರಿ ಅಂದ ರಾಜ. ರಾಣಿ ಫಿಲಿಪಾ ಮಂಡಿಯೂರಿ ಬೇಡಿಕೊಂಡಳು. ಬಿಟ್ಟುಬಿಟ್ಟ. ಈ ಆರು ಮಂದಿಯ ಕಂಚಿನ ಪ್ರತಿಮೆಗಳನ್ನು ಶಿಲ್ಪಿ ರೋಡಿನ್ ಮಾಡಿದ್ದಾನೆ. 1895ರಲ್ಲಿ ಕ್ಯಾಲೆಯಲ್ಲಿ ನಿಲ್ಲಿಸಿದರು. ಅದೇ ಅಚ್ಚಿನ ಇನ್ನೊಂದು ಲಂಡನ್ನಿನಲ್ಲಿ, ಪಾರ್ಲಿಮೆಂಟ್ ಕಟ್ಟಡದ ಪಕ್ಕದ ಉದ್ಯಾನದಲ್ಲಿದೆ. ಅಲ್ಲಿ ನಾನು ಅದನ್ನು ನೋಡಿದ್ದೇನೆ. ಪಾದಗಳು ದೊಡ್ಡವು, ನೆಲಕ್ಕೆ ಅಂಟಿಕೊಂಡ ಹಾಗಿವೆ. ಒಬ್ಬ ಎರಡೂ ಕೈಯಲ್ಲಿ ಬೀಗದ ಕೈಯನ್ನು ಬಿಗಿಯಾಗಿ ಹಿಡಿದಿದ್ದಾನೆ, ದವಡೆ ಕಚ್ಚಿದ್ದಾನೆ. ಇನ್ನೊಬ್ಬ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಬಗ್ಗಿದ್ದಾನೆ. ಯಾರೂ ಯಾರನ್ನೂ ನೋಡುತ್ತಿಲ್ಲ. ಸಾವಿಗೆ ನಡೆಯುವವರು ಹೀಗೇ ಇರುತ್ತಾರೆ ಅನ್ನಿಸುವಷ್ಟು ನಿಜವಾಗಿದೆ. ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ಆ ಆರು ಜನ ಊರಿನ ಸಿರಿವಂತರು. ಎಲ್ಲರಿಗಿಂತ ಮುಂದೆ ಬಂದ ಯೂಸ್ಟಾಶ್ ದ ಸ್ಯಾಂ ಪಿಯೆರ್‌ಗೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಎಡ್ವರ್ಡ್ ವರ್ಷಾಶನ ಗೊತ್ತುಮಾಡಿದ, ಆಸ್ತಿ ಹಿಂತಿರುಗಿಸಿದ. ಹಗ್ಗ, ಬರಿಗಾಲು ಎಲ್ಲ ಮೊದಲೇ ಒಪ್ಪಿಕೊಂಡ ಶರಣಾಗತಿಯ ವಿಧಿ ಎಂದು ಅನೇಕ ಇತಿಹಾಸಕಾರರು ಹೇಳುತ್ತಾರೆ. ಅವರ ಧೈರ್ಯವನ್ನು ನಾನು ಕಡಿಮೆ ಮಾಡುತ್ತಿಲ್ಲ. ರಾಜನ ಮಾತನ್ನು ನಂಬಿ ಹಗ್ಗ ಹಾಕಿಕೊಳ್ಳುವುದಕ್ಕೂ ಗುಂಡಿಗೆ ಬೇಕು. ಆದರೆ ಬಾಗಿಲಿನ ಹೊರಗೆ ಸತ್ತ 500 ಮಂದಿಯ ಬಗ್ಗೆ ಇರುವುದು ಒಬ್ಬ ಸನ್ಯಾಸಿಯ ಬರಹದಲ್ಲಿ ಸಣ್ಣ ಉಲ್ಲೇಖ. ಊರು ಹನ್ನೊಂದು ತಿಂಗಳು ತಡೆದುಕೊಂಡಿತು ಅಂದರೆ ಅದರಲ್ಲಿ ಅವರ ಪಾಲಿನ ರೊಟ್ಟಿಯೂ ಇದೆ.

ಈಗ ಮತ್ತೆ ರೂಆನ್. ಆ ಹೊತ್ತಿಗೆ ಫ್ರಾನ್ಸ್ ಒಳಗೇ ಒಡೆದಿತ್ತು. ರಾಜ ಆರನೇ ಚಾರ್ಲ್ಸ್‌ಗೆ ಬುದ್ಧಿಭ್ರಮಣೆ. ಬರ್ಗಂಡಿಯ ಡ್ಯೂಕ್ ಜಾನ್‌ನ ಬಣಕ್ಕೂ ಎದುರು ಬಣಕ್ಕೂ ಹೊಡೆದಾಟ. ಇಂಗ್ಲೆಂಡಿನ ಐದನೇ ಹೆನ್ರಿ, ಅಜಿನ್‌ಕೋರ್ಟ್ ಗೆದ್ದವನು, 1417ರಲ್ಲಿ ನಾರ್ಮಂಡಿಗೆ ಇಳಿದ. ಕಾನ್ ಪಟ್ಟಣ ಬಿತ್ತು, ಅಲ್ಲಿ ಕೊಲೆ ಸುಲಿಗೆ ನಡೆಯಿತು. ಸುತ್ತಲಿನ ಸೀಮೆಯ ಜನ ಗಂಟು ಮೂಟೆ ಕಟ್ಟಿಕೊಂಡು ಭದ್ರ ಗೋಡೆಯ ರೂಆನ್‌ಗೆ ಬಂದು ಸೇರಿದರು. ಅವರೇ ಮುಂದೆ ಹೊರಗೆ ತಳ್ಳಿಸಿಕೊಂಡವರಲ್ಲಿ ಮೊದಲಿಗರಾಗಿರಬೇಕು. ಊರಿಗೆ ಹೊಸಬರು, ಬಡವರು, ಕೇಳುವವರಿಲ್ಲ.

1418ರ ಜುಲೈ ಕೊನೆಯಲ್ಲಿ ಹೆನ್ರಿ ಊರನ್ನು ಸುತ್ತುವರಿದ. ಸೀನ್ ನದಿಗೆ ಅಡ್ಡಲಾಗಿ ಸರಪಳಿ ಕಟ್ಟಿಸಿ ದೋಣಿ ಬರದಂತೆ ಮಾಡಿದ. ಅವನ ದಂಡಿಗೆ ಮಾತ್ರ ಸಮುದ್ರದ ದಾರಿ ತೆರೆದಿತ್ತು. ಸೆಪ್ಟೆಂಬರ್‌ನಲ್ಲಿ ಲಂಡನ್ ನಗರದವರು 30 ಪೀಪಾಯಿ ಸಿಹಿ ವೈನ್, 1000 ಪೀಪಾಯಿ ಬಿಯರ್, ಜೊತೆಗೆ ಕುಡಿಯೋಕೆ 2500 ಬಟ್ಟಲು ಕಳಿಸಿದರು. ಬಟ್ಟಲು ಸಹ ಮರೆಯಲಿಲ್ಲ ನೋಡಿ.

ಒಳಗೆ ಏನಾಯಿತು ಅನ್ನುವುದನ್ನು ಜಾನ್ ಪೇಜ್ ಎಂಬ ಇಂಗ್ಲಿಷ್ ಮನುಷ್ಯ ಪದ್ಯದಲ್ಲಿ ಬರೆದಿಟ್ಟಿದ್ದಾನೆ. ಅವನು ಮುತ್ತಿಗೆ ಹಾಕಿದವರ ಜೊತೆಯಲ್ಲೇ ಇದ್ದ. ಊರೊಳಗಿನ ಪೇಟೆ ಧಾರಣೆಯನ್ನು ಅವನು ಕೊಡುತ್ತಾನೆ. ಇಲಿಗೆ 6 ಪೆನ್ಸ್. ಹೆಗ್ಗಣಕ್ಕೆ 30 ಪೆನ್ಸ್. ಹೆನ್ರಿಯ ಸೈನ್ಯದಲ್ಲಿ ಒಬ್ಬ ಬಿಲ್ಲುಗಾರನ ದಿನಗೂಲಿ 6 ಪೆನ್ಸ್. ಅಂದರೆ ಒಂದು ಇಲಿಗೆ ಒಬ್ಬ ಸೈನಿಕನ ಒಂದು ದಿನದ ದುಡಿಮೆ, ಹೆಗ್ಗಣಕ್ಕೆ ಐದು ದಿನದ್ದು. ಬೆಲೆ ಇದೆ ಅಂದರೆ ಕೊಳ್ಳುವವರೂ ಇದ್ದರು ಅಂತ ಅರ್ಥ. ದುಡ್ಡಿದ್ದವರು ಡಿಸೆಂಬರ್‌ವರೆಗೂ ಇಲಿ ಕೊಂಡು ತಿಂದರು. ದುಡ್ಡಿಲ್ಲದವರನ್ನು ಕಂದಕಕ್ಕೆ ಕಳಿಸಿದರು.

ಹೊರಗೆ ಹಾಕಿದವರು 12,000 ಎಂದು ಆ ಕಾಲದವರ ಲೆಕ್ಕ. ಮಧ್ಯಯುಗದವರ ಸಂಖ್ಯೆಗಳನ್ನು ಹಾಗೇ ನಂಬುವಂತಿಲ್ಲ. ಅರ್ಧ ಅಂದುಕೊಂಡರೂ ಒಂದು ಸಣ್ಣ ಪಟ್ಟಣದಷ್ಟು ಜನ. ಪೇಜ್ ಅವರನ್ನು ಹತ್ತಿರದಿಂದ ನೋಡಿದ. ಎರಡು ಮೂರು ವರ್ಷದ ಮಕ್ಕಳು, ಅಪ್ಪ ಅಮ್ಮ ಸತ್ತಿರುವುದರಿಂದ, ತಾವೇ ರೊಟ್ಟಿ ಬೇಡುತ್ತಾ ಓಡಾಡುವುದನ್ನು ಬರೆಯುತ್ತಾನೆ. ಇಂಗ್ಲಿಷ್ ಸೈನಿಕರು ತಮ್ಮ ಪಾಲಿನ ರೊಟ್ಟಿಯನ್ನು ಕೆಲವರಿಗೆ ಕೊಟ್ಟರು ಎಂದೂ ಬರೆಯುತ್ತಾನೆ. ಕ್ರಿಸ್‌ಮಸ್ ದಿನ ಹೆನ್ರಿ ಹಬ್ಬದ ಲೆಕ್ಕದಲ್ಲಿ ಇಬ್ಬರು ಪಾದ್ರಿಗಳ ಕೈಯಲ್ಲಿ ಕಂದಕದವರಿಗೆ ಊಟ ಕಳಿಸಿದ. ಮಾರನೇ ದಿನದಿಂದ ಮತ್ತೆ ಮೊದಲಿನ ಹಾಗೆ.

ಆ ಒಂದು ದಿನದ ಊಟವನ್ನು ಕೆಲವರು ಹೆನ್ರಿಯ ದೊಡ್ಡಗುಣ ಅನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಊಟ ಇತ್ತು, ಒಯ್ಯುವ ಕೈಯಿತ್ತು, ದಾರಿಯೂ ಇತ್ತು ಎಂದು ಅವನೇ ತೋರಿಸಿಕೊಟ್ಟ ಹಾಗಾಯಿತು. ಉಳಿದ ದಿನಗಳ ಹಸಿವಿಗೆ ಅವನ ಆಯ್ಕೆ ಬಿಟ್ಟು ಬೇರೆ ಕಾರಣ ಇರಲಿಲ್ಲ.

ಹೊಸ ವರ್ಷದ ಹೊತ್ತಿಗೆ ಊರಿನವರು ಮಾತುಕತೆಗೆ ಬಂದರು. ಕಂದಕದಲ್ಲಿರುವವರ ಮೇಲೆ ಕರುಣೆ ತೋರಿಸಿ ಎಂದು ಬೇಡಿದರು. ಅವರನ್ನು ಅಲ್ಲಿ ಹಾಕಿದ್ದು ನಾನಲ್ಲ, ಅದು ನಿಮಗೂ ಗೊತ್ತು ಅಂದ ಹೆನ್ರಿ. ಮಾತು ನಿಜ. ಊರಿನವರೂ ಅಷ್ಟೇ ನಿಜವಾಗಿ ಹೇಳಬಹುದಿತ್ತು, ಅವರನ್ನು ಹೋಗಲು ಬಿಡದಿದ್ದದ್ದು ನಾವಲ್ಲ ಅಂತ. ಎರಡು ಕಡೆಯವರಿಗೂ ಬೆರಳು ತೋರಿಸಲು ಇನ್ನೊಬ್ಬರಿದ್ದರು. ಮೂರನೆಯವನೂ ಇದ್ದ, ಬರ್ಗಂಡಿಯ ಡ್ಯೂಕ್. ರೂಆನ್‌ನಿಂದ ಒಬ್ಬ ಮುದಿ ಪಾದ್ರಿ ಶತ್ರುಗಳ ಸಾಲು ದಾಟಿ ಪ್ಯಾರಿಸ್‌ಗೆ ಹೋಗಿ, ರಾಜನ ಮತ್ತು ಡ್ಯೂಕನ ಮುಂದೆ 'ಹಾರೋ' ಎಂದು ಕೂಗಿದ್ದ. ನಾರ್ಮಂಡಿಯಲ್ಲಿ ಅನ್ಯಾಯಕ್ಕೊಳಗಾದವನು ಈ ಕೂಗು ಹಾಕಿದರೆ ನ್ಯಾಯ ಸಿಗಲೇಬೇಕು ಅನ್ನುವುದು ಅಲ್ಲಿನ ಕಾನೂನು. ಡ್ಯೂಕ್ ಬರುತ್ತೇನೆ ಅಂದ. ಸೈನ್ಯ ಕಟ್ಟಿಕೊಂಡು ಸ್ವಲ್ಪ ದೂರ ಬಂದ. ರೂಆನ್‌ಗೆ ಬರಲೇ ಇಲ್ಲ. ಅವನ ಮಾತು ನಂಬಿಯೇ ಊರು ಅಷ್ಟು ದಿನ ಹಿಡಿದುಕೊಂಡಿತ್ತು, ಆ ನಂಬಿಕೆಯ ಮೇಲೇ ಆ ಜನರನ್ನು ಹೊರಗೆ ಹಾಕಿತ್ತು. ನನ್ನ ಸಿಟ್ಟು ಹೆಚ್ಚು ಇರುವುದು ಈ ಡ್ಯೂಕನ ಮೇಲೆ.

1419ರ ಜನವರಿ 19ರಂದು ಬಾಗಿಲು ತೆರೆಯಿತು. ಊರಿಗೆ 3,00,000 ಕ್ರೌನ್ ದಂಡ. ಬಿಲ್ಲುಗಾರರ ನಾಯಕ ಅಲೆನ್ ಬ್ಲಾಂಶಾರ್‌ನ ತಲೆ ಹೋಯಿತು. ಕಿಲ್ಲೇದಾರ ಗೀ ಲ ಬುಟೆಯೆ ಹೆನ್ರಿಯ ಕಡೆ ಸೇರಿಕೊಂಡ. 1449ರವರೆಗೆ ರೂಆನ್ ಇಂಗ್ಲಿಷರ ಕೈಯಲ್ಲಿತ್ತು. 1431ರಲ್ಲಿ ಜೋನ್ ಆಫ್ ಆರ್ಕ್‌ಳನ್ನು ಸುಟ್ಟದ್ದು ಇದೇ ಊರಿನ ಹಳೇ ಪೇಟೆಯಲ್ಲಿ.

ಆ ಕಾಲದ ಧರ್ಮವೇ ಹಾಗಿತ್ತು, ಇವತ್ತಿನ ಕಣ್ಣಲ್ಲಿ ನೋಡಬಾರದು ಅಂತ ಹೇಳುವವರಿದ್ದಾರೆ. ಅರ್ಧ ಒಪ್ಪುತ್ತೇನೆ. ಶರಣಾಗದ ಊರಿಗೆ ಮುತ್ತಿಗೆ ಹಾಕು ಎಂದು ಬೈಬಲ್ಲಿನ ಧರ್ಮೋಪದೇಶಕಾಂಡದ 20ನೇ ಅಧ್ಯಾಯ ಹೇಳುತ್ತದೆ, 1415ರಲ್ಲಿ ಹಾರ್ಫ್ಲರ್ ಮುತ್ತಿಗೆಯಲ್ಲಿ ಹೆನ್ರಿ ಅದನ್ನೇ ಆಧಾರವಾಗಿ ಹಿಡಿದ. ಆದರೆ ಗೈಯಾರ್‌ನಲ್ಲಿ ಮೊದಲ ಎರಡು ತಂಡಗಳನ್ನು ಬಿಟ್ಟ ಸೈನಿಕರೂ ಅದೇ ಕಾಲದವರು. ರೂಆನ್‌ನಲ್ಲಿ ಶತ್ರುವಿನ ಮಗುವಿಗೆ ತನ್ನ ರೊಟ್ಟಿ ಕೊಟ್ಟವನೂ ಅದೇ ಕಾಲದವನು. ಇದು ತಪ್ಪು ಅಂತ ಅವರಿಗೆ ಗೊತ್ತಿತ್ತು ಅಲ್ವಾ?

ಆ ಕಾಲ ಅನ್ನುವುದು ಎಲ್ಲಿಗೆ ಮುಗಿಯಿತು ಅನ್ನುವುದೂ ನೋಡಬೇಕು. 1863ರಲ್ಲಿ, ಅಮೆರಿಕದ ಅಂತರ್ಯುದ್ಧದ ನಡುವೆ, ಲಿಂಕನ್ ಸರ್ಕಾರ ತನ್ನ ಸೈನ್ಯಕ್ಕೆ ಯುದ್ಧ ನಿಯಮಗಳ ಸಂಹಿತೆ ಹೊರಡಿಸಿತು. ಲೀಬರ್ ಸಂಹಿತೆ ಎಂದು ಹೆಸರು. ಅದರ 18ನೇ ನಿಯಮ ಹೀಗಿದೆ: ಮುತ್ತಿಗೆಗೆ ಸಿಕ್ಕ ಊರಿನವರು ಆಹಾರ ಉಳಿಸಲು ಯುದ್ಧ ಮಾಡದವರನ್ನು ಹೊರಗೆ ಹಾಕಿದರೆ, ಶರಣಾಗತಿ ಬೇಗ ಆಗಲೆಂದು ಅವರನ್ನು ವಾಪಸ್ ಅಟ್ಟುವುದು ಕಠಿಣ ಕ್ರಮವಾದರೂ ಕಾನೂನುಬದ್ಧ. ಎರಡನೇ ಫಿಲಿಪ್, ಎಡ್ವರ್ಡ್, ಹೆನ್ರಿ ಮೂವರೂ ಮಾಡಿದ್ದನ್ನೇ ಅಕ್ಷರದಲ್ಲಿ ಬರೆದ ಹಾಗೆ. 1948ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಜರ್ಮನ್ ಸೇನಾಧಿಕಾರಿಗಳ ವಿಚಾರಣೆ ನಡೆದಾಗ, ಲೆನಿನ್‌ಗ್ರಾಡ್ ಮುತ್ತಿಗೆಯಿಂದ ತಪ್ಪಿಸಿಕೊಂಡು ಬರುವ ನಾಗರಿಕರ ಮೇಲೆ ಫಿರಂಗಿ ಹಾರಿಸಬೇಕೆಂಬ ಆದೇಶದ ಪ್ರಶ್ನೆ ಬಂತು. ಫೀಲ್ಡ್ ಮಾರ್ಷಲ್ ಫಾನ್ ಲೀಬ್ ಮೇಲಿನ ಆರೋಪಗಳಲ್ಲಿ ಅದೂ ಒಂದು. ಇದೇ ಹಳೆಯ ನಿಯಮದ ಆಧಾರದ ಮೇಲೆ ನ್ಯಾಯಾಧೀಶರು ಆ ಆದೇಶ ಅಪರಾಧವಲ್ಲ ಎಂದರು. ಕಾನೂನು ಬೇರೆ ಥರ ಇದ್ದಿದ್ದರೆ ಚೆನ್ನಾಗಿತ್ತು, ಆದರೆ ಇರುವ ಕಾನೂನಿನಂತೆ ನಡೆಯಬೇಕಾಗಿದೆ ಎಂದು ತೀರ್ಪಿನಲ್ಲೇ ಬರೆದರು.

ಮರುವರ್ಷದ ಜಿನೀವಾ ಒಪ್ಪಂದ ಸ್ವಲ್ಪ ಬದಲಾಯಿಸಿತು. ಮುತ್ತಿಗೆಯಲ್ಲಿರುವ ಊರಿನಿಂದ ಗಾಯಾಳುಗಳು, ಮುದುಕರು, ಮಕ್ಕಳು, ಬಾಣಂತಿಯರನ್ನು ಹೊರಗೆ ತರಲು ಎರಡೂ ಕಡೆಯವರು ಪ್ರಯತ್ನಿಸಬೇಕು ಎಂದಿತು. ಪ್ರಯತ್ನಿಸಬೇಕು, ಅಷ್ಟೇ. ನಾಗರಿಕರನ್ನು ಹಸಿವಿನಲ್ಲಿ ಕೆಡವುವುದನ್ನು ಯುದ್ಧದ ಉಪಾಯವಾಗಿ ಬಳಸಲೇಬಾರದು ಎಂದು ಖಡಾಖಂಡಿತವಾಗಿ ಬಂದದ್ದು 1977ರ ಪೂರಕ ಒಪ್ಪಂದದಲ್ಲಿ, ಅದರ 54ನೇ ವಿಧಿಯಲ್ಲಿ. ಬ್ರಿಟನ್ ಅದನ್ನು ಅನುಮೋದಿಸಿದ್ದು 1998ರಲ್ಲಿ. ಫ್ರಾನ್ಸ್ ಸೇರಿದ್ದು 2001ರಲ್ಲಿ. ಅಮೆರಿಕ ಸಹಿ ಹಾಕಿದೆ, ಅನುಮೋದಿಸಿಲ್ಲ. ಭಾರತ ಇನ್ನೂ ಸೇರಿಲ್ಲ.